ಆಟ ಮರೆತ ಹದಿಹರೆಯ: ಚಿನ್ನದ ಗಣಿಯ ಊರು ಕಲಿಸುವ ಪಾಠ

ಪಾಲನಾ ಪರಿಷತ್ತಿನ ಸಭೆಯಿರಲಿ, ಶಾಲೆಯಲ್ಲಿ ಹೆತ್ತವರ ಸಭೆಯಿರಲಿ, ಈಚಿನ ವರ್ಷಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. "ಈಗಿನ ಮಕ್ಕಳಿಗೆ ಮೊಬೈಲ್ ಒಂದಿದ್ದರೆ ಸಾಕು ಫಾದರ್, ಆಟವೂ ಬೇಡ, ಊಟವೂ ಬೇಡ." ಹೇಳುವವರ ಕಳಕಳಿ ನಿಜವಾದದ್ದೇ. ಆದರೆ ಆ ಮಾತಿನಲ್ಲಿ ವಿಚಾರಣೆಗೆ ಮೊದಲೇ ತೀರ್ಪು ಬಂದುಬಿಟ್ಟಿದೆ. ಮಕ್ಕಳು ಸೋಮಾರಿಗಳು, ಮೊಬೈಲ್ ಅಪರಾಧಿ ಎಂದು ಹೇಳಿ ಪಿಲಾತನಂತೆ ಕೈ ತೊಳೆದುಕೊಳ್ಳುವುದು ಹಿರಿಯರಾದ ನಮಗೆ ಬಹಳ ಸುಲಭ. ಹದಿಹರೆಯದವರು ಬಿಡುವಿನ ವೇಳೆಯಲ್ಲಿ ಮೈದಣಿಯುವಂತೆ ಏಕೆ ಆಡುತ್ತಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಈ ವಾರ ಕರಾವಳಿಯಿಂದ ದೂರದ ಎರಡು ಊರುಗಳತ್ತ ಕಣ್ಣು ಹಾಯಿಸೋಣ. ಅವು ಕೋಲಾರ ಜಿಲ್ಲೆಯ ಚಿನ್ನದ ಗಣಿ, ಅಂದರೆ ಕೆಜಿಎಫ್, ಮತ್ತು ಅದರ ನೆರೆಯ ಬಂಗಾರಪೇಟೆ.

ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಂಥ ಚಟುವಟಿಕೆಯಲ್ಲಿ ತೊಡಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರ ತಜ್ಞರು 146 ದೇಶಗಳ, 11ರಿಂದ 17 ವರ್ಷದ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2016ರ ಸ್ಥಿತಿಯನ್ನು ಹೇಳುವ ಆ ಲೆಕ್ಕದಂತೆ ಜಗತ್ತಿನ ನೂರು ಮಕ್ಕಳಲ್ಲಿ 81 ಮಂದಿಗೆ ಅಷ್ಟು ಚಟುವಟಿಕೆ ಇಲ್ಲ. ಭಾರತದಲ್ಲಿ ನೂರಕ್ಕೆ ಸುಮಾರು 74 ಮಂದಿಗೆ ಇಲ್ಲ. ನಾವು ಜಗತ್ತಿಗಿಂತ ಸ್ವಲ್ಪ ಮೇಲು ಎಂದು ಸಮಾಧಾನ ಪಡುವ ಮೊದಲು ಅದರ ಕಾರಣವನ್ನೂ ಓದಬೇಕು. ನಮ್ಮಂಥ ದೇಶಗಳಲ್ಲಿ ಗಂಡುಮಕ್ಕಳು ಗಲ್ಲಿಯಲ್ಲಿ ಕ್ರಿಕೆಟ್ ಆಡುತ್ತಾರೆ, ಹೆಣ್ಣುಮಕ್ಕಳಿಗೆ ಮನೆಗೆಲಸ ಹೆಚ್ಚಿರುತ್ತದೆ, ಬಹುಶಃ ಅದರಿಂದ ಈ ಅಂಕಿ ಸ್ವಲ್ಪ ಇಳಿದಿದೆ ಎನ್ನುತ್ತಾರೆ ಆ ತಜ್ಞರು. ಅಂದರೆ ಹುಡುಗಿಯೊಬ್ಬಳು ಬಿಂದಿಗೆ ಹೊತ್ತು ನಡೆದದ್ದೂ, ಬಟ್ಟೆ ಒಗೆದದ್ದೂ ಈ ಲೆಕ್ಕದಲ್ಲಿ ಸೇರಿದೆ!

ದುಡಿಮೆ ಬೇರೆ, ಆಟ ಬೇರೆ

ಇಲ್ಲಿಯೇ ನಾವು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೋಲಾರ ಜಿಲ್ಲೆ ಹಾಲಿಗೂ ರೇಷ್ಮೆಗೂ ಹೆಸರಾದದ್ದು. ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ ಹೈಸ್ಕೂಲು ಓದುವ ಹುಡುಗ ಬೆಳಗ್ಗೆ ಹಸುವಿಗೆ ಮೇವು ಹಾಕಿ, ಡೇರಿಗೆ ಹಾಲು ಕೊಟ್ಟು ಶಾಲೆಗೆ ಹೊರಡುತ್ತಾನೆ. ಹುಳು ಮನೆ ಇರುವ ಕುಟುಂಬದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಮಕ್ಕಳ ಪಾಲಿಗೂ ಬರುತ್ತದೆ. ಇಂಥ ಮಗುವನ್ನು ಸೋಮಾರಿ ಎನ್ನಲು ಯಾರಿಗೂ ಬಾಯಿ ಬಾರದು. ಅವನ ಮೈ ದಣಿದಿದೆ, ಆದರೆ ಅವನು ಆಡಿಲ್ಲ. ದುಡಿಮೆಯಲ್ಲಿ ಮಗು ಇನ್ನೊಬ್ಬರ ಅಗತ್ಯಕ್ಕೆ ಓಡುತ್ತದೆ. ಆಟದಲ್ಲಿ ತನ್ನ ಸಂತೋಷಕ್ಕೆ ಓಡುತ್ತದೆ, ಗೆಳೆಯರನ್ನು ಗಳಿಸುತ್ತದೆ, ಸೋಲನ್ನು ನುಂಗಲು ಕಲಿಯುತ್ತದೆ.

ದುಡಿದು ದಣಿದ ಮಗು ದೊಡ್ಡವನಾಗಿ ಪೇಟೆಗೆ ಹೋಗಿ ಕುರ್ಚಿಯ ಕೆಲಸ ಹಿಡಿದಾಗ ದುಡಿಮೆ ಬಿಟ್ಟುಹೋಗುತ್ತದೆ. ಆಟದ ಅಭ್ಯಾಸವಂತೂ ಮೊದಲೇ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದ ವಯಸ್ಕರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವಿನ ವೇಳೆಯಲ್ಲಿ ಆಟ ಅಥವಾ ವ್ಯಾಯಾಮ ಮಾಡುವವರು ನೂರಕ್ಕೆ ಹತ್ತು ಮಂದಿಯೂ ಸಿಗಲಿಲ್ಲ. ಅದೇ ಮಂಡಳಿಯ 2023ರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಹದಿಹರೆಯದಲ್ಲಿ ಕಲಿಯದ ಅಭ್ಯಾಸವನ್ನು ನಲವತ್ತರಲ್ಲಿ ವೈದ್ಯರು ಚೀಟಿ ಬರೆದು ಕಲಿಸಲು ಹೊರಟರೆ ಫಲ ಅಷ್ಟಕ್ಕಷ್ಟೇ.

ಕಂಪನಿ ಹೋಯಿತು, ಮೈದಾನಕ್ಕೆ ಯಜಮಾನರಿಲ್ಲ

ಇನ್ನು ಕೆಜಿಎಫ್‌ಗೆ ಬರೋಣ. ನಮ್ಮ ಯುವಜನರಿಗೆ ಈ ಹೆಸರು 2018 ಮತ್ತು 2022ರ ಸಿನಿಮಾಗಳಿಂದ ಗೊತ್ತು. ನಿಜವಾದ ಕೆಜಿಎಫ್‌ನ ಕಥೆ ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆ ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ಸ್ ಗಣಿ ನೆಲದಡಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿಯಿತು. ಸ್ವಾತಂತ್ರ್ಯದ ನಂತರ ಗಣಿ ಸರ್ಕಾರದ ಕೈಗೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು.

ಗಣಿ ಇದ್ದಷ್ಟು ದಿನ ಅದು ಸಂಬಳ ಕೊಡುವ ಕಂಪನಿ ಮಾತ್ರ ಆಗಿರಲಿಲ್ಲ. ನೀರು, ದೀಪ, ಆಸ್ಪತ್ರೆ, ಶಾಲೆ, ಮೈದಾನ ಎಲ್ಲಕ್ಕೂ ಅದೇ ದಿಕ್ಕು. ಫುಟ್‌ಬಾಲ್, ಹಾಕಿ, ಬಾಕ್ಸಿಂಗ್‌ಗೆ ಕೆಜಿಎಫ್ ಹೆಸರಾಗಿತ್ತು. ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಗಣಿಯ ಕೆಲಸ ಪಾಳಿಯದು. ಬೆಳಗಿನ ಪಾಳಿ ಮುಗಿಸಿದ ತಂದೆ ಹಗಲಿರುವಾಗಲೇ ಮನೆಯಲ್ಲಿರುತ್ತಿದ್ದ. ಸಂಜೆ ಮೈದಾನದಲ್ಲಿ ಚೆಂಡು ಉರುಳುವಾಗ ಪಕ್ಕದಲ್ಲಿ ನಿಲ್ಲಲು, ತಪ್ಪಿದರೆ ಗದರಿಸಲು ಹಿರಿಯರಿದ್ದರು.

ಆ ಕಾಲವನ್ನು ಹೊಗಳಿ ಹಾಡುವುದು ನಮ್ಮ ಉದ್ದೇಶವಲ್ಲ. ಗಣಿಯ ಧೂಳು ಎಷ್ಟೋ ಕಾರ್ಮಿಕರ ಶ್ವಾಸಕೋಶವನ್ನು ತಿಂದಿತು. ಸುರಂಗದಲ್ಲಿ ಬಂಡೆ ಸಿಡಿದು ಸತ್ತವರ ಮನೆಗಳ ಕಣ್ಣೀರು ಇನ್ನೂ ಆರಿಲ್ಲ. ಬಿಳಿಯ ಅಧಿಕಾರಿಗಳಿಗೆ ಗಾಲ್ಫ್ ಮೈದಾನ ಮತ್ತು ಬಂಗಲೆ, ತಮಿಳು, ತೆಲುಗು ನಾಡುಗಳಿಂದ ಬಂದ ದಲಿತ ಕಾರ್ಮಿಕರಿಗೆ ಇಕ್ಕಟ್ಟಿನ ಲೈನ್ ಮನೆ ಎಂಬ ತಾರತಮ್ಯವೂ ಅಲ್ಲಿತ್ತು. ಹೆಣ್ಣುಮಕ್ಕಳಿಗಂತೂ ಮೈದಾನ ಆಗಲೂ ದೂರವೇ. ಆದರೂ ಕಾರ್ಮಿಕರ ಗಂಡುಮಕ್ಕಳಿಗೆ ಆಡಲು ಜಾಗ, ಸಮಯ ಮತ್ತು ನೋಡಿಕೊಳ್ಳುವ ಹಿರಿಯರು ಒಟ್ಟಿಗೆ ಸಿಕ್ಕಿದ್ದು ನಿಜ.

ಗಣಿ ಮುಚ್ಚಿದಾಗ ಈ ಮೂರೂ ಒಟ್ಟಿಗೇ ಕಳಚಿದವು. ಜಾಗ ಕೇಂದ್ರ ಗಣಿ ಸಚಿವಾಲಯದ ಕೆಳಗಿನ ಕಂಪನಿಯ ಹೆಸರಿನಲ್ಲಿ ಉಳಿಯಿತು. ಊರಿನ ಹೊಣೆ ನಗರಸಭೆಯದು, ಶಾಲೆಯ ಹೊಣೆ ರಾಜ್ಯ ಶಿಕ್ಷಣ ಇಲಾಖೆಯದು. ಮೈದಾನದ ಮುಳ್ಳುಗಿಡ ಕಡಿಸುವುದು ಇವರಲ್ಲಿ ಯಾರ ಕೆಲಸ? ಎಲ್ಲರದೂ ಆದದ್ದು ಯಾರದೂ ಆಗಲಿಲ್ಲ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಗುಡ್ಡಗಳಾಗಿ ನಿಂತಿದೆ. ಜನ ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಎದ್ದಾಗ ಆ ಹುಡಿ ಮನೆ, ಅಂಗಳಗಳ ಮೇಲೆ ಬೀಳುತ್ತದೆ. ಅಂಥ ದಿನ ಮಗುವನ್ನು ಒಳಗೆ ಕರೆಯುವ ತಾಯಿಯನ್ನು ತಪ್ಪು ಎನ್ನಲಾದೀತೆ? ಕರಾವಳಿಯಲ್ಲಿ ನಾಲ್ಕು ತಿಂಗಳು ಮಳೆ ಮೈದಾನವನ್ನು ಮುಚ್ಚುತ್ತದೆ. ಕೋಲಾರದ ಬಯಲಿನಲ್ಲಿ ಆ ತೊಂದರೆ ಇಲ್ಲ, ಹವೆಯೂ ಹಿತ. ಆದರೂ ಆಟ ಕ್ಷೀಣಿಸಿದೆ ಎಂದರೆ ಕಾರಣವನ್ನು ಆಕಾಶದಲ್ಲಿ ಹುಡುಕಿ ಪ್ರಯೋಜನವಿಲ್ಲ.

ರೈಲು ಹೊತ್ತೊಯ್ಯುವ ಸಂಜೆ

ಗಣಿ ಹೋದ ಮೇಲೆ ಊರಿಗೆ ಅನ್ನ ಕೊಟ್ಟದ್ದು ರೈಲು. ಮಾರಿಕುಪ್ಪಂನಿಂದ ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಜಂಕ್ಷನ್ ಸೇರಿ, ಅಲ್ಲಿಂದ ಬೆಂಗಳೂರಿಗೆ. ಬಂಗಾರಪೇಟೆಯಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹತ್ತುವ ಸಾವಿರಾರು ಜನ ರಾತ್ರಿ ಇಳಿಯುತ್ತಾರೆ. ಅವರಲ್ಲಿ ಗಾರೆ ಕೆಲಸದವರು, ಕಾವಲುಗಾರರು, ಅಂಗಡಿ, ಆಫೀಸು, ಗಾರ್ಮೆಂಟ್ಸ್ ನೌಕರರು ಎಲ್ಲರೂ ಇದ್ದಾರೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಹೋಗುವವರ ಸಾಲು ಬೇರೆ.

ಈ ದುಡಿಮೆ ಗೌರವದ್ದು. ಆದರೆ ಅದಕ್ಕೆ ಮಕ್ಕಳು ತೆರುವ ಬೆಲೆಯನ್ನು ಯಾರೂ ಲೆಕ್ಕ ಹಾಕಿಲ್ಲ. ತಂದೆ ತಾಯಿ ಇಬ್ಬರೂ ರೈಲಿನಲ್ಲಿರುವ ಮನೆಯಲ್ಲಿ ಸಂಜೆ ನಾಲ್ಕೂವರೆಯಿಂದ ರಾತ್ರಿ ಎಂಟರವರೆಗೆ ಹಿರಿಯರಿಲ್ಲ. ಹದಿನಾಲ್ಕರ ಅಕ್ಕನಿಗೆ ತಮ್ಮನನ್ನು ನೋಡಿಕೊಳ್ಳುವ, ಅನ್ನಕ್ಕಿಡುವ ಕೆಲಸ. "ಬಾಗಿಲು ಹಾಕಿಕೊಂಡು ಒಳಗೇ ಇರಿ" ಎಂಬುದು ಹೆತ್ತವರ ಅಪ್ಪಣೆ. ಅದರ ಹಿಂದಿರುವುದು ಹೆದರಿಕೆ, ಪ್ರೀತಿ ಎರಡೂ. ಹೊರಗೆ ಹೋಗಲಾಗದ ಮಗುವಿನ ಕೈಗೆ ಮೊಬೈಲ್ ಬರುತ್ತದೆ. ಅಮ್ಮ ಫೋನ್ ಮಾಡಿದರೆ ಎತ್ತಬೇಕಲ್ಲ! 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿ ಪಾಠವೇ ಮೊಬೈಲಿಗೆ ಬಂದ ಮೇಲಂತೂ ಅದನ್ನು ಹಿಂದಕ್ಕೆ ಪಡೆಯುವುದು ಕಷ್ಟವಾಯಿತು.

ಹೀಗೆ ನೋಡಿದರೆ ಮೊಬೈಲ್ ಎಂಬುದು ಖಾಲಿಯಾದ ಮನೆಯನ್ನು ಹೊಕ್ಕ ಬಾಡಿಗೆದಾರ. ಮನೆ ಖಾಲಿಯಾದದ್ದು ಅದಕ್ಕಿಂತ ಮೊದಲೇ. ಅದು ತಳವೂರಿದ ಮೇಲೆ ನಿದ್ದೆಯನ್ನೂ ಆಟವನ್ನೂ ಇನ್ನಷ್ಟು ಕಿತ್ತುಕೊಳ್ಳುತ್ತದೆ ಎಂಬುದು ನಿಜ. ಆದರೆ ಮೊಬೈಲನ್ನು ಕಿತ್ತುಕೊಂಡ ಮಾತ್ರಕ್ಕೆ ಮೈದಾನ ತುಂಬುವುದಿಲ್ಲ.

ಪಿ.ಟಿ. ಪಿರಿಯಡ್ ಎಲ್ಲಿ ಹೋಯಿತು?

ಶಾಲೆಯ ಪಾತ್ರವೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರನ್ನೂ ಹೇಳುತ್ತದೆ. 2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಆಂದೋಲನ ಆರಂಭವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಾಠಕ್ಕೂ ಆಟಕ್ಕೂ ನಡುವಿನ ಗೋಡೆ ಬೇಡ ಎಂದಿತು. ಕಾಗದದ ಮೇಲೆ ಕೊರತೆ ಇಲ್ಲ. ಆದರೆ ಎಸ್ಸೆಸ್ಸೆಲ್ಸಿ ತರಗತಿಯ ವೇಳಾಪಟ್ಟಿಯಲ್ಲಿ ಪಿ.ಟಿ. ಎಂದು ಬರೆದ ಪಿರಿಯಡ್‌ನಲ್ಲಿ ಗಣಿತ ನಡೆಯುವುದನ್ನು ಕಾಣದ ಊರು ಯಾವುದು? ಫಲಿತಾಂಶದ ಶೇಕಡಾವಾರು ಪಟ್ಟಿಯಲ್ಲಿ ಶಾಲೆಯ ಸ್ಥಾನ ಕುಸಿದರೆ ಮುಖ್ಯೋಪಾಧ್ಯಾಯರನ್ನು ಕೇಳುವವರು ಇದ್ದಾರೆ. ಇಡೀ ವರ್ಷ ಮಕ್ಕಳು ಓಡಲಿಲ್ಲ ಎಂದು ಕೇಳುವವರು ಯಾರೂ ಇಲ್ಲ. ಹೆತ್ತವರೂ ಕೇಳುವುದಿಲ್ಲ. ಗಣಿ ಮುಚ್ಚಿ ಕೆಲಸ ಕಳೆದುಕೊಂಡ ಊರಿನಲ್ಲಿ ಅಂಕವೊಂದೇ ಮೇಲೇರುವ ಏಣಿ ಎಂಬ ನಂಬಿಕೆ ಬಲವಾಗುವುದು ಸಹಜ. ಆಟ ಆಡಿದವನಿಗೆ ಕೆಲಸ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ಗಣಿಯೂ ರೈಲ್ವೆಯೂ ಉತ್ತರವಾಗಿದ್ದವು. ಇಂದು ಉತ್ತರ ಸುಲಭವಲ್ಲ.

ಹೆಣ್ಣುಮಕ್ಕಳಿಗೆ ಎರಡು ಬೀಗ

ಹದಿಹರೆಯ ಬಂದಂತೆ ಆಟ ಕಡಿಮೆಯಾಗುತ್ತದೆ, ಹುಡುಗಿಯರಲ್ಲಿ ಇನ್ನೂ ಬೇಗ ಕಡಿಮೆಯಾಗುತ್ತದೆ. ಹೆತ್ತವರ ಪ್ರೋತ್ಸಾಹ, ಜೊತೆಗಾರರು, ಹತ್ತಿರದ ಸುರಕ್ಷಿತ ಜಾಗ, ಇವಿದ್ದಲ್ಲಿ ಆಟ ಉಳಿಯುತ್ತದೆ. ಹಲವು ದೇಶಗಳ ಸಂಶೋಧನೆಗಳು ಮತ್ತೆ ಮತ್ತೆ ಹೇಳಿರುವುದು ಇದನ್ನೇ. ನಮ್ಮ ಊರುಗಳಲ್ಲಿ ಋತುಮತಿಯಾದ ಹುಡುಗಿಗೆ "ಇನ್ನು ಕುಣಿದದ್ದು ಸಾಕು" ಎಂಬ ಮಾತು ಮೊದಲ ಬೀಗ. ಮೈದಾನದ ಅಂಚಿನಲ್ಲಿ ನಿಂತು ಶಿಳ್ಳೆ ಹಾಕುವ ಪಡ್ಡೆಗಳು ಎರಡನೆಯ ಬೀಗ. ಬಟ್ಟೆ ಬದಲಿಸಲು ಕೋಣೆಯಿಲ್ಲ, ಶೌಚಾಲಯದಲ್ಲಿ ನೀರಿಲ್ಲ ಎಂಬ ಸಂಕಟವೂ ಜೊತೆಗಿದೆ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತ್ತು. ಹಳ್ಳಿಯ ಹುಡುಗಿಯರು ಗುಂಪಾಗಿ ಸೈಕಲ್ ತುಳಿದು ಹೋಗುವ ನೋಟ ಎಷ್ಟು ಚೆಂದವಿತ್ತು! ಅದು ಶಾಲೆಗೆ ಹೋಗುವ ದಾರಿಯೂ ಆಗಿತ್ತು, ಮೈಗೆ ವ್ಯಾಯಾಮವೂ ಆಗಿತ್ತು, ಮನಸ್ಸಿಗೆ ರೆಕ್ಕೆಯೂ ಆಗಿತ್ತು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಸೈಕಲ್ ನಿಂತಾಗ ಹೆಚ್ಚು ಕಳೆದುಕೊಂಡವರು ಹುಡುಗಿಯರೇ.

ಧರ್ಮಸಭೆಯ ಅಂಗಳ

ಈಗ ನಮ್ಮ ಮನೆಯನ್ನು ನೋಡಿಕೊಳ್ಳೋಣ. ಕೋಲಾರ ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ್ದು, ಅದರ ಮಾತು ನಮಗೇಕೆ ಎಂದು ಯಾರಾದರೂ ಕೇಳಬಹುದು. ಕೆಜಿಎಫ್‌ನಲ್ಲಿ ಒಂದೇ ದಿನದಲ್ಲಿ ಆದದ್ದು ಕರಾವಳಿಯಲ್ಲಿ ನಿಧಾನವಾಗಿ ಆಗುತ್ತಿದೆ. ಇಲ್ಲಿ ತಂದೆ ಗಲ್ಫಿನಲ್ಲಿ, ತಾಯಿ ಕೆಲಸದಲ್ಲಿ. ಇಲ್ಲಿ ಗದ್ದೆಗಳು ಸೈಟುಗಳಾದವು. ಇಲ್ಲಿ ಶಾಲೆ ಬಿಟ್ಟ ಮಗು ಟ್ಯೂಷನ್‌ಗೆ, ಪಿಯುಸಿಗೆ ಬಂದರೆ ಕೋಚಿಂಗ್‌ಗೆ. ಆಟಕ್ಕೆ ಬೇಕಾದ ಜಾಗ, ಸಮಯ, ಹಿರಿಯರು ಇಲ್ಲಿಯೂ ಒಂದೊಂದಾಗಿ ಕಳಚುತ್ತಿವೆ.

ಆದರೆ ಕರಾವಳಿಯಲ್ಲಿ ಕಂಪನಿಯಂತೆ ಬಾಗಿಲು ಮುಚ್ಚಿ ಹೋಗದ ಒಂದು ಸಂಸ್ಥೆ ಇದೆ. ಅದು ನಾವೇ. ಬಹುಪಾಲು ಚರ್ಚ್‌ಗಳ ಪಕ್ಕದಲ್ಲಿ ಶಾಲೆ, ಶಾಲೆಯ ಮುಂದೆ ಮೈದಾನ, ಮಳೆಗಾಲಕ್ಕೆ ಸಭಾಭವನ. ಸಂಜೆ ನಾಲ್ಕೂವರೆಗೆ ಅಲ್ಲಿನ ಗೇಟಿಗೆ ಬೀಗ ಏಕೆ ಬೀಳುತ್ತದೆ? ಕಿಟಕಿ ಗಾಜು ಒಡೆಯುತ್ತದೆ, ಹೊರಗಿನವರು ಬರುತ್ತಾರೆ, ಏನಾದರೂ ಆದರೆ ಯಾರು ಹೊಣೆ ಎಂಬ ಮಾತುಗಳು ಬರುತ್ತವೆ. ಇವು ಸುಳ್ಳು ಭಯಗಳಲ್ಲ. ಗಾಜಿಗೆ ಜಾಲರಿ ಹಾಕಬಹುದು, ಹೊಣೆಗೆ ಹಿರಿಯರನ್ನು ನೇಮಿಸಬಹುದು. ಕಳೆದುಹೋದ ಹದಿಹರೆಯಕ್ಕೆ ಮಾತ್ರ ಜಾಲರಿ ಇಲ್ಲ.

ಸಂತ ಡಾನ್ ಬೋಸ್ಕೊ ಟ್ಯೂರಿನ್ ನಗರದಲ್ಲಿ ಬಡ ಹುಡುಗರನ್ನು ಸೇರಿಸಿದಾಗ ಪ್ರಾರ್ಥನೆ, ಪಾಠದಷ್ಟೇ ಮಹತ್ವವನ್ನು ಆಟದ ಅಂಗಳಕ್ಕೂ ಕೊಟ್ಟರು. ಗುರುಗಳೂ ಹುಡುಗರ ನಡುವೆ ಇರಬೇಕೆಂಬುದು ಅವರ ಪದ್ಧತಿ. 2018ರಲ್ಲಿ ವ್ಯಾಟಿಕನ್ ಕ್ರೀಡೆಯ ಬಗ್ಗೆಯೇ ಒಂದು ದಾಖಲೆ ಹೊರಡಿಸಿತು. 2025ರ ಜೂನ್ 15ರಂದು, ಪವಿತ್ರ ತ್ರಿತ್ವದ ಭಾನುವಾರ, ಕ್ರೀಡಾಪಟುಗಳ ಜುಬಿಲಿಯ ಬಲಿಪೂಜೆಯಲ್ಲಿ ಪೋಪ್ 14ನೇ ಲಿಯೋ ಅವರು, ಒಂಟಿತನದ, ಪರದೆಗಳ, ಪೈಪೋಟಿಯ ಈ ಕಾಲದಲ್ಲಿ ಆಟ ಮನುಷ್ಯರನ್ನು ಒಟ್ಟುಗೂಡಿಸುತ್ತದೆ, ಸೋಲುವುದನ್ನೂ ಕಲಿಸುತ್ತದೆ ಎಂಬ ಅರ್ಥದ ಮಾತನ್ನಾಡಿದರು. ಶರೀರವು ಪವಿತ್ರಾತ್ಮರ ದೇಗುಲ ಎಂದು ಸಂತ ಪೌಲರಿಂದ ಕಲಿತ ನಾವು ಆ ದೇಗುಲದ ಅಂಗಳಕ್ಕೆ ಬೀಗ ಹಾಕಬಹುದೇ?

ಮೂರು ಕೆಲಸಗಳನ್ನು ನಾವು ಧರ್ಮಕೇಂದ್ರಗಳ ಮುಂದಿಡುತ್ತೇವೆ. ಮೊದಲನೆಯದಾಗಿ, ವಾರಕ್ಕೆ ಮೂರು ದಿನವಾದರೂ ಸಂಜೆ ಎರಡು ಗಂಟೆ ಮೈದಾನದ ಗೇಟು ತೆರೆದಿರಲಿ. ಜಾತಿ, ಮತ ಕೇಳದೆ ಎಲ್ಲ ಮಕ್ಕಳಿಗೂ ತೆರೆದಿರಲಿ. ಕಿರು ಕ್ರೈಸ್ತ ಸಮುದಾಯಗಳು ಸರದಿಯ ಮೇಲೆ ಕನಿಷ್ಠ ಇಬ್ಬರು ಹಿರಿಯರನ್ನು ಕಳುಹಿಸಲಿ. ಮಕ್ಕಳ ಸುರಕ್ಷತೆಯ ನಿಯಮಗಳು ಅಕ್ಷರಶಃ ಪಾಲನೆಯಾಗಲಿ. ಎರಡನೆಯದಾಗಿ, ಅದರಲ್ಲಿ ಒಂದು ದಿನ ಹುಡುಗಿಯರದ್ದೇ ಆಗಿರಲಿ. ಸ್ತ್ರೀ ಸಂಘಟನೆಯ ತಾಯಂದಿರೂ ಧರ್ಮಭಗಿನಿಯರೂ ಅಲ್ಲಿರಲಿ. ತ್ರೋಬಾಲ್, ಖೋಖೋ, ಬ್ಯಾಡ್ಮಿಂಟನ್, ಸುಮ್ಮನೆ ಓಟ, ಯಾವುದಾದರೂ ಸರಿ. ಮೂರನೆಯದಾಗಿ, ಪಂದ್ಯಾಟದ ಬಗ್ಗೆ ಮರುಚಿಂತನೆ ನಡೆಯಲಿ. ವರ್ಷಕ್ಕೊಮ್ಮೆ ಫ್ಲೆಕ್ಸ್ ಕಟ್ಟಿ, ಟ್ರೋಫಿ ಇಟ್ಟು ನಡೆಸುವ ಕ್ರಿಕೆಟ್‌ನಲ್ಲಿ ಹನ್ನೊಂದು ಮಂದಿ ಆಡುತ್ತಾರೆ, ಇನ್ನೂರು ಮಂದಿ ಕುಳಿತು ನೋಡುತ್ತಾರೆ. ಆ ಇನ್ನೂರರ ನಡುವೆ ಕುಳಿತ ದಪ್ಪ ಹುಡುಗ, ನಾಚುವ ಹುಡುಗಿ, ಅಂಗವೈಕಲ್ಯವಿರುವ ಮಗು, ಇವರಿಗಾಗಿಯೇ ಮೈದಾನ ಬೇಕಾಗಿರುವುದು. ಟ್ರೋಫಿಯ ಖರ್ಚಿನಲ್ಲಿ ವರ್ಷವಿಡೀ ಸಾಲುವಷ್ಟು ಚೆಂಡುಗಳು ಬರುತ್ತವೆ.

ಚಿನ್ನದ ಊರಿನ ಕಡೆಗೆ ಮತ್ತೊಮ್ಮೆ ತಿರುಗಿ ಈ ವಿಶ್ಲೇಷಣೆಯನ್ನು ಮುಗಿಸುತ್ತೇವೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಕೆಜಿಎಫ್‌ನ 13 ಸೈನೈಡ್ ಗುಡ್ಡಗಳ, ಸುಮಾರು ಸಾವಿರ ಎಕರೆ ಜಾಗದಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಆ ಮಣ್ಣಿನಲ್ಲಿ ಎಷ್ಟು ಚಿನ್ನ, ಯಾರಿಗೆಷ್ಟು ಪಾಲು ಎಂದು ಮಾತನಾಡುವವರು ಬಹಳ. ಆ ಸಾವಿರ ಎಕರೆಯಲ್ಲಿ ಹತ್ತು ಎಕರೆ ಊರಿನ ಮಕ್ಕಳ ಮೈದಾನಕ್ಕಿರಲಿ, ಅದರ ನಿರ್ವಹಣೆಗೆ ಒಬ್ಬ ಹೊಣೆಗಾರ ಇರಲಿ ಎಂದು ಕೇಳುವ ದನಿ ಬೇಕು. ಅಲ್ಲಿನ ಕ್ರೈಸ್ತ ಸಮುದಾಯ ಆ ದನಿಯಾಗಲಿ, ನಾವೂ ದನಿಗೂಡಿಸೋಣ.

ಪ್ರವಾದಿ ಜೆಕರ್ಯನು ಪಾಳುಬಿದ್ದ ಜೆರುಸಲೇಮ್ ಮತ್ತೆ ಚಿಗುರುವ ದಿನವನ್ನು ಕನಸಿದಾಗ ಅವನ ಕಣ್ಣಿಗೆ ಕಂಡದ್ದು ಕೋಲೂರಿ ಕುಳಿತ ವೃದ್ಧರು ಮತ್ತು ಬೀದಿ ತುಂಬ ಆಡುವ ಹುಡುಗ ಹುಡುಗಿಯರು. ಹುಡುಗಿಯರನ್ನೂ ಅವನು ಮರೆಯಲಿಲ್ಲ. ದೇವರು ಒಂದು ಊರನ್ನು ಹರಸಿದ್ದಾರೆ ಎಂಬುದಕ್ಕೆ ಅದೇ ಗುರುತು. ಮುಂದಿನ ಪಾಲನಾ ಪರಿಷತ್ತಿನ ಸಭೆಯಲ್ಲಿ ಮೊಬೈಲಿನ ಮಾತು ಬಂದಾಗ, ದಯವಿಟ್ಟು ಗೇಟಿನ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನೂ ಕೇಳಿ.